ಪೆಟ್ಟಿಗೆಯೊಳಗಿನ ವೀಣೆ, ದಿವಾನದ ಮೇಲಿನ ವೀಣೆ: ಎಡಿಎಚ್‌ಡಿ ತಲೆಗೆ ಯಾವುದು ಒಗ್ಗಿತು?

ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲು ಕಷ್ಟವಾಗುವ ತೊಂದರೆ, ಅಂತ ಡಾಕ್ಟರು ಹೇಳಿದಾಗ ನನಗೆ 34 ವರ್ಷ. ಅಲ್ಲಿಯವರೆಗೆ ನಾನು ಸೋಮಾರಿ ಅಂತ ಮನೆಯವರೂ ನಂಬಿದ್ದರು, ನಾನೂ ನಂಬಿದ್ದೆ. ವೀಣೆ ಮೇಷ್ಟ್ರು ಮಾತ್ರ "ಕೂತ್ರೆ ಚೆನ್ನಾಗಿ ನುಡಿಸ್ತೀಯಮ್ಮ, ಕೂರೋದೇ ಇಲ್ವಲ್ಲ" ಅನ್ನುತ್ತಿದ್ದರು. ಕೂರುವುದೇ ಕಷ್ಟ. ಹಾಗಾಗಿ ಕಳೆದ ವರ್ಷ ಮನೆಯಲ್ಲಿ ವೀಣೆಯ ಜಾಗವನ್ನು ಒಂದೊಂದು ರೀತಿ ಬದಲಾಯಿಸಿ ನೋಡಿದೆ.

ಮೊದಲು ವೀಣೆ ಮಂಚದ ಕೆಳಗೆ ಫೈಬರ್ ಪೆಟ್ಟಿಗೆಯಲ್ಲಿತ್ತು. ಜೋಪಾನವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನುಡಿಸಬೇಕು ಅಂದರೆ ಪೆಟ್ಟಿಗೆ ಎಳೆಯಬೇಕು, ಧೂಳು ಒರೆಸಬೇಕು, ಚಿಲಕ ತೆಗೆಯಬೇಕು, ಚಾಪೆ ಹಾಸಬೇಕು, ಎಡಗೈ ಬೆರಳಿಗೆ ಸವರಿಕೊಳ್ಳುವ ಎಣ್ಣೆ ಬಟ್ಟಲು ಎಲ್ಲಿದೆ ಅಂತ ಹುಡುಕಬೇಕು, ಎಣ್ಣೆ ತರೋಣ ಅಂತ ಅಡುಗೆಮನೆಗೆ ಹೋದರೆ ಸಿಂಕಿನಲ್ಲಿ ಪಾತ್ರೆ ಕಾಣುತ್ತದೆ, ಅದನ್ನು ತೊಳೆಯುತ್ತಾ ನಿಂತರೆ ವೀಣೆ ವಿಷಯ ತಲೆಯಿಂದಲೇ ಹೋಗಿರುತ್ತದೆ. ರಾತ್ರಿ ಮಲಗಲು ಬಂದಾಗ ಅರ್ಧ ಹೊರಗೆ ಬಂದ ಪೆಟ್ಟಿಗೆ ಕಾಲಿಗೆ ತಾಗಿ ನೆನಪಾಗುತ್ತಿತ್ತು. ಒಂದು ತಿಂಗಳಲ್ಲಿ ನುಡಿಸಿದ್ದು 6 ದಿನ.

ಆಮೇಲೆ ಹಾಲ್‌ನ ದಿವಾನದ ಮೇಲೆ, ಹಳೇ ಕಾಟನ್ ಸೀರೆ ಹೊದಿಸಿ ಇಟ್ಟೆ. ಪಕ್ಕದಲ್ಲೇ ಎಣ್ಣೆ ಅದ್ದಿದ ಹತ್ತಿಯ ಬಟ್ಟಲು. ಸುಮ್ನೆ ಓಡಾಡುವಾಗ ಒಂದು ತಾಳದ ತಂತಿ ಮೀಟುವುದು, ಶ್ರುತಿ ಇಳಿದಿದೆ ಅನ್ನಿಸುವುದು, ತಂತಿ ಬಿಗಿಸುವ ಬಿರಡೆ ತಿರುಗಿಸಲು ಕೂರುವುದು, ಕೂತ ಮೇಲೆ ಹೇಗೂ ಕೂತಾಯ್ತಲ್ಲ ಅಂತ ಸರಳೆ (ಮೊದಲ ಸ್ವರ ಪಾಠ) ಶುರು. ಆ ತಿಂಗಳು 22 ದಿನ! ಅದೂ ನಾನು.

ಇದರಲ್ಲೂ ತೊಂದರೆ ಇಲ್ಲ ಅಂತಲ್ಲ. ದಿವಾನ ಕಿಟಕಿ ಪಕ್ಕ ಇತ್ತು. ಏಪ್ರಿಲ್ ಬಿಸಿಲು ನೇರ ಬಿದ್ದು, ತಂತಿ ಒತ್ತುವ ಮೆಟ್ಟಿಲುಗಳನ್ನು ಹಿಡಿದಿಡುವ ಮೇಣ ಮೆತ್ತಗಾಗಿ, 24 ಮೆಟ್ಟಿಲಲ್ಲಿ ಎರಡು ಜರುಗಿಬಿಟ್ಟವು. ಗಾಂಧಾರ ಸ್ವರ ಒತ್ತಿದರೆ ಬೇರೇನೋ ನುಡಿಯುತ್ತದೆ. ಅದನ್ನು ಕೂರಿಸಿಕೊಡುವವರು ಸಿಗುವವರೆಗೆ ಹತ್ತು ದಿನ ಹೋಯಿತು. ತಪ್ಪು ನನ್ನದೇ, ಬಿಸಿಲು ಬೀಳದ ಗೋಡೆಗೆ ದಿವಾನ ಸರಿಸಬೇಕಿತ್ತು. ಇನ್ನೊಂದು, ಎರಡು ತಿಂಗಳಾದ ಮೇಲೆ ವೀಣೆ ಸೋಫಾ, ಟೀಪಾಯಿ ಥರ ಆಗಿಬಿಡ್ತು. ಎದುರಿಗೇ ಇದೆ, ಕಣ್ಣಿಗೆ ಬೀಳಲ್ಲ. ಆಗಾಗ ಜಾಗ ಬದಲಾಯಿಸುತ್ತೇನೆ, ಹೊದಿಕೆ ಸೀರೆ ಬದಲಾಯಿಸಿದರೂ ನಡೆಯುತ್ತದೆ. (ದಸರಾದಲ್ಲಿ ಪೂಜೆಗೆ ಇಟ್ಟು ಮುಟ್ಟಬಾರದು ಅಂದ ದಿನಗಳಲ್ಲಿ ಮಾತ್ರ ಕೈ ಬಹಳ ತುರಿಸುತ್ತದೆ, ಯಾಕೋ.)

ನುಡಿಸುವಾಗ ಹಿನ್ನೆಲೆಯಲ್ಲಿ ಬೇಕಾದ ಶ್ರುತಿಗೆ ಫೋನ್ ಆ್ಯಪ್ ಮತ್ತು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ಎರಡನ್ನೂ ಬಳಸಿದೆ. ನಾದ ಕೇಳಿದರೆ ಆ್ಯಪ್‌ನ ತಂಬೂರಿಯೇ ಇಂಪು, ದುಡ್ಡೂ ಇಲ್ಲ. ಆದರೆ ಫೋನ್ ಕೈಗೆ ಬಂತು ಅಂದರೆ ವಾಟ್ಸ್ಆ್ಯಪ್ ಬಂತು. ಏರೋಪ್ಲೇನ್ ಮೋಡ್‌ಗೆ ಹಾಕು ಅಂತ ಎಲ್ಲರೂ ಹೇಳ್ತಾರೆ. ಹಾಕೋದಕ್ಕೂ ಫೋನ್ ಕೈಗೆ ತಗೋಬೇಕಲ್ವಾ? ಹಳೇ ಶ್ರುತಿ ಪೆಟ್ಟಿಗೆ 2,500 ರೂಪಾಯಿಗೆ ಸಿಕ್ಕಿತು. ಅದರ ಶ್ರುತಿಯ ಮಟ್ಟವನ್ನು 'ಮೂರು ಮನೆ'ಗೆ ಹೊಂದಿಸಿ ಇಟ್ಟಿದ್ದೇನೆ, ಗುಂಡಿ ತಿರುಗಿಸಿದರೆ ಸಾ-ಪಾ ಶುರು. ಸ್ವಲ್ಪ ಗೊರಗೊರ ಅನ್ನುತ್ತದೆ. ಆದರೂ ಅದೇ ಸರಿ, ಯಾಕೆಂದರೆ ಮಧ್ಯೆ ಎದ್ದು ಹೋದರೂ ಅದು ಹಾಡುತ್ತಲೇ ಇರುತ್ತದೆ, ಆರಿಸೋದಕ್ಕಾದರೂ ವಾಪಸ್ ಬರಬೇಕು. ಬಂದರೆ ಕೂರುತ್ತೇನೆ.

ಬಾಗಿಲು ಹಾಕಿಕೊಳ್ಳುವ ಚಿಕ್ಕ ರೂಮೇ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಸದ್ದಿಲ್ಲ, ಯಾರೂ ಬರಲ್ಲ. ಅಲ್ಲಿ ಮೂರು ದಿನದಲ್ಲಿ ನಾನು ಬೀರು ಪೂರ್ತಿ ಜೋಡಿಸಿದೆ. ಹಾಲ್‌ನಲ್ಲಾದರೆ ಅತ್ತೆ ಎದುರಿಗೆ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಾ ಕೂತಿರುತ್ತಾರೆ. ಅವರಿಗೆ ಸಂಗೀತ ಅಷ್ಟಕ್ಕಷ್ಟೆ. ಆದರೆ ನಾನು ನಿಲ್ಲಿಸಿದರೆ ತಲೆ ಎತ್ತಿ "ಯಾಕೆ, ಮುಗೀತಾ?" ಅನ್ನುತ್ತಾರೆ. ಅಷ್ಟು ಸಾಕು, ಇನ್ನೊಂದು ಸಲ ಚರಣಕ್ಕೆ ಹೋಗುತ್ತೇನೆ. ಪಕ್ಕದಲ್ಲಿ ಒಬ್ಬರು ತಮ್ಮ ಪಾಡಿಗೆ ಏನೋ ಮಾಡುತ್ತಾ ಇದ್ದರೆ ನಮ್ಮಂಥವರಿಗೆ ಕೆಲಸ ಸಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಟೈಮರ್ ಬಗ್ಗೆ ಜಾಸ್ತಿ ಹೇಳಲ್ಲ. 25 ನಿಮಿಷಕ್ಕೆ ಇಟ್ಟರೆ ಕೈ ಬಿಸಿಯಾಗುವ ಹೊತ್ತಿಗೇ ಕಿರ್ರ್ ಅನ್ನುತ್ತದೆ, ಇಡದಿದ್ದರೆ ಕುಕ್ಕರ್ ತಳ ಹಿಡಿಯುತ್ತದೆ. ಈಗ ಲೆಕ್ಕ ಬೇರೆ: ಒಂದು ಸರಳೆ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ವರ್ಣ ಅನ್ನೋ ರಚನೆ ಒಂದು, ಆಯ್ತು. ಮನಸ್ಸಿದ್ದರೆ ಮುಂದೆ. ಕುಕ್ಕರ್ ವಿಷಲ್ ಎಣಿಸೋ ಕೆಲಸ ಅತ್ತೆಗೆ ಬಿಟ್ಟಿದ್ದೇನೆ.

ಫೈಬರ್ ಪೆಟ್ಟಿಗೆ ಈಗಲೂ ಮಂಚದ ಕೆಳಗಿದೆ. ಅದರೊಳಗೆ ಕಂಬಳಿ ಇಟ್ಟಿದ್ದೇವೆ.