ಇನಿಷಿಯಲ್ ಇರುವ ಹೆಸರಿಗೆ ಯಾವ ಕರ್ಸಿವ್ ಫಾಂಟ್? ನಾಲ್ಕರ ಹೋಲಿಕೆ

ಇಂಗ್ಲಿಷ್ ಲಗ್ನಪತ್ರಿಕೆಗೋ ಲೆಟರ್‌ಹೆಡ್‌ಗೋ ಕರ್ಸಿವ್ ಫಾಂಟ್ (ಕೈಯಲ್ಲಿ ಕೂಡಿಸಿ ಬರೆದಂತೆ ಕಾಣುವ ಅಕ್ಷರವಿನ್ಯಾಸ) ಹುಡುಕುವವರು ಮಾದರಿ ಹಾಳೆಯಲ್ಲಿ ದಪ್ಪಗೆ ಮೆರೆಯುವ ಒಂದೆರಡು ಪದಗಳನ್ನು ನೋಡಿ ಮರುಳಾಗುವುದೇ ಹೆಚ್ಚು. ನಮ್ಮ ಕಡೆಯ ಹೆಸರುಗಳಿಗೆ ಬೇರೆಯದೇ ಪರೀಕ್ಷೆ ಬೇಕು: ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ, ಬಳ್ಳಿಯಂತೆ ಚಾಚುವ ಎರಡು ಕ್ಯಾಪಿಟಲ್ ಅಕ್ಷರಗಳು ಅಕ್ಕಪಕ್ಕ ಕೂರಬೇಕಾಗುತ್ತದೆ. ಆದ್ದರಿಂದ 'ಕೆ.ಎಚ್. ಮಂಜುನಾಥ' ಎಂಬುದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಫಾಂಟ್‌ಗಳಲ್ಲಿ ಜೋಡಿಸಿ, ಲಗ್ನಪತ್ರಿಕೆಯ ಅಳತೆಯಲ್ಲೂ ವಿಸಿಟಿಂಗ್ ಕಾರ್ಡಿನ ಅಳತೆಯಲ್ಲೂ ಮುದ್ರಿಸಿ ನೋಡಿದೆ.

ಸ್ನೆಲ್ ರೌಂಡ್‌ಹ್ಯಾಂಡ್ ಎಲ್ಲಕ್ಕಿಂತ ಸಂಯಮದ್ದು. ಇಂಗ್ಲೆಂಡಿನ ಬರವಣಿಗೆಯ ಗುರು ಚಾರ್ಲ್ಸ್ ಸ್ನೆಲ್ ಅವರ ಬರಹವನ್ನು ಆಧರಿಸಿ ಮ್ಯಾಥ್ಯೂ ಕಾರ್ಟರ್ ಇದನ್ನು 1960ರ ದಶಕದಲ್ಲಿ ಫೋಟೊ ಅಕ್ಷರಜೋಡಣೆಗಾಗಿ, ಅಂದರೆ ಅಕ್ಷರಗಳನ್ನು ಬೆಳಕಿನಿಂದ ಫಿಲ್ಮಿನ ಮೇಲೆ ಮೂಡಿಸುವ ವಿಧಾನಕ್ಕಾಗಿ, ರೂಪಿಸಿದರು. ಸೀಸದ ಮೊಳೆಗಳ ಕಟ್ಟುಪಾಡು ಅಲ್ಲಿಲ್ಲದ್ದರಿಂದ ಅಕ್ಷರದಿಂದ ಅಕ್ಷರಕ್ಕೆ ಗೆರೆ ಕಡಿಯದೆ ಹರಿಯುತ್ತದೆ. ಎರಡು ಇನಿಷಿಯಲ್‌ಗಳು ಒಂದಕ್ಕೊಂದು ತಾಗದೆ ನಿಂತದ್ದು ಇದರಲ್ಲಿ ಮಾತ್ರ. ಬೋಲ್ಡ್ ರೂಪವೂ ಇರುವುದರಿಂದ ಸಣ್ಣ ಅಳತೆಗೂ ದಾರಿಯಿದೆ.

ಅಡೋಬಿಗಾಗಿ ರಿಚರ್ಡ್ ಲಿಪ್ಟನ್ ರಚಿಸಿದ ಬಿಕ್‌ಹ್ಯಾಮ್ ಸ್ಕ್ರಿಪ್ಟ್ 18ನೆಯ ಶತಮಾನದ ಜಾರ್ಜ್ ಬಿಕ್‌ಹ್ಯಾಮ್ ಅವರ ತಾಮ್ರದ ಹಲಗೆಯ ಕೆತ್ತನೆಗಳಿಂದ ಹುಟ್ಟಿದ್ದು. ಲಗ್ನಪತ್ರಿಕೆಯ ನಡುವೆ ದೊಡ್ಡದಾಗಿ ಕೂರಿಸಿದಾಗ ಇದರ ಠೀವಿಗೆ ಸಾಟಿಯಿಲ್ಲ. ಆದರೆ ಕೂದಲೆಳೆಯಂಥ ಗೆರೆಗಳು ಕಾರ್ಡಿನ ಅಳತೆಗೆ ಇಳಿದೊಡನೆ ಅಲ್ಲಲ್ಲಿ ಮಾಯವಾದವು. ಕಡುಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾಗಿ ಬಿಟ್ಟಾಗಲಂತೂ ಶಾಯಿ ಹರಡಿ 'ಎಚ್' ಅಕ್ಷರದ ಅಡ್ಡಗೆರೆಯೇ ಮುಚ್ಚಿಹೋಯಿತು. ಇದರದೇ ತುಸು ದಪ್ಪ ರೂಪವಾದ ಸೆಮಿಬೋಲ್ಡ್ ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಹರ್ಮನ್ ಜಾಫ್ ಅವರ 1998ರ ಜಾಫಿನೊ ನನಗೆ ಅತ್ಯಂತ ಇಷ್ಟವಾದದ್ದು, ಕೆಲಸಕ್ಕೆ ಅತ್ಯಂತ ಕಡಿಮೆ ಒದಗಿದ್ದೂ ಅದೇ. ಒಂದೇ ಅಕ್ಷರಕ್ಕೆ ಹಲವು ರೂಪಗಳಿರುವುದರಿಂದ ನಿಜವಾಗಿ ಲೇಖನಿ ಹಿಡಿದು ಬರೆದಂತೆ ಕಾಣುತ್ತದೆ. ಆದರೆ ಮೇಲೆ ಕೆಳಗೆ ಚಾಚುವ ಕೊಂಬುಗಳಿಗೆ ಸಾಲುಗಳ ನಡುವೆ ವಿಪರೀತ ಜಾಗ ಬೇಕು. ನಾಲ್ಕು ಸಾಲಿನ ವಿಳಾಸಕ್ಕೆ ಇದನ್ನು ಹಾಕುವುದು ಸಲ್ಲದು. ಒಂಟಿ ಹೆಸರಿನ ಲೋಗೋಗೆ ಸೊಗಸು.

ರಾಬರ್ಟ್ ಲಾಯ್ಶ್ಕೆ ಅವರ ಗ್ರೇಟ್ ವೈಬ್ಸ್ ಮುಕ್ತ ಪರವಾನಗಿಯದು, ವ್ಯಾಪಾರಕ್ಕೂ ಹಣ ಕೊಡದೆ ಬಳಸಬಹುದು. ಸಣ್ಣಕ್ಷರಗಳು ಸುಲಭವಾಗಿ ಓದಿಸಿಕೊಳ್ಳುತ್ತವೆ, ಆದರೆ ಇನಿಷಿಯಲ್‌ಗಳ ಸುರುಳಿಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿ ಬಿಡಿಸಲು ಹೋದರೆ ಮುಂದಿನ ಹೆಸರಿನ ಕೊಂಡಿಗಳೇ ಕಳಚುತ್ತವೆ. ಇನಿಷಿಯಲ್‌ಗಳಿಗಷ್ಟೇ ಅಂತರ ಕೊಡಬೇಕು.

ಲೆಟರ್‌ಹೆಡ್, ಕಾರ್ಡುಗಳಿಗೆ ನನ್ನ ಆಯ್ಕೆ ಸ್ನೆಲ್. ಲಗ್ನಪತ್ರಿಕೆಯ ವಧೂವರರ ಹೆಸರಿಗೆ ಬಿಕ್‌ಹ್ಯಾಮ್ ಸೆಮಿಬೋಲ್ಡ್. ಯಾವುದನ್ನೇ ಆರಿಸಿದರೂ ಪ್ರೆಸ್ಸಿಗೆ ಕಳುಹಿಸುವ ಮುನ್ನ ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ಬರೀ ಗೆರೆಗಳ ಆಕಾರಕ್ಕೆ) ಬದಲಿಸಿಡಿ, ಏಕೆಂದರೆ ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೊಂದು ಅಕ್ಷರ ಬಂದು ಕೂರುತ್ತದೆ.