ವ್ಯಾನಿನಲ್ಲಿ ನೀರಿನ ಟ್ಯಾಂಕ್ ಕೂಡಿಸುವವರೇ, ಹಾಸು ಎತ್ತಿ ನೋಡಿದ ಮೇಲೆಯೇ ದುಡ್ಡು ಕೊಡಿ

ಗಾಜು ತೊಳೆಯುವ ಕೆಲಸಕ್ಕೆ ವ್ಯಾನ್ ಮಾಡಿಸಲು ಹೊರಟವರು, ಅದರಲ್ಲೂ ಒಳಗೆ ನೀರಿನ ಟ್ಯಾಂಕ್ ಕೂಡಿಸುವವರು, ಇದನ್ನು ದಯವಿಟ್ಟು ಪೂರ್ತಿ ಓದಿ. ನಮ್ಮ ಗಾಡಿಯಲ್ಲಿ ಟ್ಯಾಂಕ್ ಕಿತ್ತು ಮುಂದೆ ಬಂದು, ನನ್ನ ಜೊತೆ ಕೆಲಸ ಮಾಡುವ ಹುಡುಗನ ಭುಜದ ಎಲುಬು ಮುರಿಯಿತು. ಸ್ವಲ್ಪ ಆಚೀಚೆ ಆಗಿದ್ದರೆ ಕುತ್ತಿಗೆಗೇ ಬೀಳುತ್ತಿತ್ತು.

ನೀರು ಹೊತ್ತೊಯ್ಯುವುದು ಯಾಕೆ ಅಂತ ಕೆಲವರು ಕೇಳಬಹುದು. ವಿಜಯಪುರ, ಬಾಗಲಕೋಟೆ ಕಡೆ ಕೆಲಸಕ್ಕೆ ಹೋದರೆ ಎಷ್ಟೋ ಕಡೆ ಬೋರಿನ ನೀರೇ ಗತಿ. ಅದು ಗಡಸು ನೀರು. ಒಣಗಿದ ಮೇಲೆ ಗಾಜಿನ ತುಂಬ ಬಿಳಿ ಕಲೆ ಉಳಿಯುತ್ತದೆ. ಉದ್ದ ಕೋಲಿನ ಬ್ರಶ್ಶಿನಿಂದ ತೊಳೆದು, ಒರೆಸದೆ ಹಾಗೇ ಬಿಡಬೇಕಾದರೆ ನೀರಿನ ಟಿಡಿಎಸ್, ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅನ್ನುವ ಅಳತೆ, 10ರ ಒಳಗೆ ಇರಬೇಕು. ಅದಕ್ಕೆ ನಾವು ಮನೆಯಲ್ಲೇ ಆರ್‌ಓ ಮಾಡಿ, ಆಮೇಲೆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ರೆಸಿನ್ ಮೂಲಕ ಹಾಯಿಸಿ, ಗಾಡಿಯಲ್ಲಿ ತುಂಬಿಕೊಂಡು ಹೋಗುತ್ತೇವೆ.

ಕೆಲಸ ಕೊಟ್ಟದ್ದು ಬೆಳಗಾವಿಯ ಒಬ್ಬ ಫ್ಯಾಬ್ರಿಕೇಶನ್‌ನವರಿಗೆ. ನಾವು ಕೇಳಿದ್ದು 300 ಲೀಟರಿನ, ಅಡ್ಡ ಮಲಗುವಂಥ, ಒಳಗೆ ಅಡ್ಡಗೋಡೆ ಇರುವ ಟ್ಯಾಂಕು. ಅದರ ಫ್ರೇಮನ್ನು ಚಾಸಿಗೆ (ಗಾಡಿಯ ಬುಡದ ಗಟ್ಟಿ ಚೌಕಟ್ಟಿಗೆ) ಬೋಲ್ಟ್ ಹಾಕಿ ಕೂಡಿಸಬೇಕು ಅಂತಲೂ ಹೇಳಿದ್ದೆವು. ಗಾಡಿ ತರಲು ಹೋದಾಗ ಒಳಗೆ ಇದ್ದದ್ದು ಮನೆ ಮಾಳಿಗೆಯ ಮೇಲೆ ಇಡುವಂಥ 500 ಲೀಟರಿನ ನಿಂತ ಟ್ಯಾಂಕು. "ಅಂಥಾ ಟ್ಯಾಂಕ್ ಇಲ್ಲಿ ಸಿಗೂದಿಲ್ರೀ ಸಾಹೇಬ್ರ. ಇದಕ್ಕೂ ಅಷ್ಟ ರೊಕ್ಕ, ದೊಡ್ಡದ ಬಂತಲ್ಲ" ಅಂದರು. ಫ್ರೇಮು ಗಟ್ಟಿ ಇದೆಯಾ ಅಂದರೆ, "ಚಾಸಿಗೇ ಬೋಲ್ಟ್ ಹೊಡದೀವಿ, ಏನೂ ಆಗೂದಿಲ್ಲ ತಗೋರಿ." ಮೇಲೆ ಪ್ಲೈವುಡ್, ಅದರ ಮೇಲೆ ರೆಕ್ಸಿನ್ ಹಾಸು. ಕೆಳಗೆ ಏನಿದೆ ಅಂತ ಕಾಣುವಂತೆಯೇ ಇರಲಿಲ್ಲ.

ತೂಕದ ಲೆಕ್ಕ ಇಲ್ಲಿ ಬಹಳ ಮುಖ್ಯ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಆರ್‌ಸಿಯಲ್ಲಿ ಗಾಡಿಯ ಖಾಲಿ ತೂಕ, ತುಂಬಿದ ತೂಕ ಎರಡೂ ಇರುತ್ತವೆ. ನಮ್ಮ ಗಾಡಿಗೆ ಇವೆರಡರ ನಡುವೆ ಸುಮಾರು 600 ಕೆಜಿ. ಅದರಲ್ಲಿ ನಾವಿಬ್ಬರೇ 130 ಕೆಜಿ. ಫ್ರೇಮು, ಏಣಿ, ಕೋಲು, ಬ್ಯಾಟರಿ, ಪಂಪು ಸೇರಿ ಇನ್ನೊಂದು 120. ಅಂದರೆ 500 ಲೀಟರ್ ತುಂಬುವ ಮಾತೇ ಇಲ್ಲ. ಹೆಚ್ಚು ಹೇರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ದಂಡವೇ 20,000 ರೂಪಾಯಿಯಿಂದ ಶುರು. ಹಾಗಾಗಿ ನಾವು 300 ಲೀಟರ್ ಮಾತ್ರ ತುಂಬುತ್ತಿದ್ದೆವು. ನಿಮಿಷಕ್ಕೆ ಎರಡು ಲೀಟರ್ ಹಿಡಿದರೂ ಎರಡೂವರೆ ತಾಸು ಬ್ರಶ್ ನಡೆಯುತ್ತದೆ, ಸಾಕು.

ಆದರೆ ಅಡ್ಡಗೋಡೆ ಇಲ್ಲದ ಟ್ಯಾಂಕಿನಲ್ಲಿ ಅರೆಬರೆ ನೀರು ಇದ್ದಾಗಲೇ ಅಪಾಯ ಜಾಸ್ತಿ. ಪೂರ್ತಿ ತುಂಬಿದ್ದರೆ ನೀರು ಅಲುಗಾಡಲು ಜಾಗ ಇರುವುದಿಲ್ಲ. ಅರ್ಧ ಇದ್ದರೆ ಬ್ರೇಕ್ ಹಾಕಿದಾಗ ಅಷ್ಟೂ ನೀರು ಮುಂದಕ್ಕೆ ನುಗ್ಗಿ ಗುದ್ದುತ್ತದೆ. ಟ್ಯಾಂಕು ಎತ್ತರ ಇದ್ದರೆ ಫ್ರೇಮನ್ನು ಬುಡದಿಂದಲೇ ಎಬ್ಬಿಸುತ್ತದೆ.

ಸಂಕೇಶ್ವರದ ಕಡೆ ಕೆಲಸಕ್ಕೆ ಹೊರಟಿದ್ದೆವು. ವಂಟಮುರಿ ಘಾಟಿನಲ್ಲಿ ಮುಂದಿನ ಲಾರಿ ಒಮ್ಮೆಲೇ ನಿಂತಿತು. ನಾನೂ ಬ್ರೇಕ್ ಒತ್ತಿದೆ. ಗಾಡಿ ನಿಂತಿತು, ಟ್ಯಾಂಕು ನಿಲ್ಲಲಿಲ್ಲ. ಫ್ರೇಮು ಸಮೇತ ಸೀಟಿನ ಮೇಲೆ ಬಿತ್ತು. ಹುಡುಗ "ಅಣ್ಣಾ" ಅಂತ ಒಂದೇ ಸಲ ಕೂಗಿದ. ಒಳಗೆಲ್ಲ ನೀರು, ಜೊತೆಗೆ ವೈರ್ ಸುಟ್ಟ ವಾಸನೆ. ಪಂಪಿನ ವೈರನ್ನು ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಕೊಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ಅಲ್ಲಿದ್ದ ಲಾರಿಯವರೇ ಓಡಿ ಬಂದು ಬ್ಯಾಟರಿ ತಂತಿ ಕಿತ್ತರು, ಟ್ಯಾಂಕ್ ಎತ್ತಿ ಹುಡುಗನನ್ನು ಹೊರಗೆ ತೆಗೆದರು. ಅವರ ಉಪಕಾರ ಮರೆಯುವುದಿಲ್ಲ.

ಪ್ಲೈವುಡ್ ಕಿತ್ತು ನೋಡಿದಾಗ ಒಂದು ಬೋಲ್ಟೂ ಇರಲಿಲ್ಲ. ಎಲ್ಲ ಸೆಲ್ಫ್ ಸ್ಕ್ರೂ, ಅಂದರೆ ನಟ್ಟಿಲ್ಲದೆ ನೇರ ತಿರುಗಿಸುವಂಥವು. ಅವೂ ಚಾಸಿಗಲ್ಲ, ಗಾಡಿಯ ತೆಳು ತಗಡಿಗೆ. ಕೇಳಲು ಹೋದರೆ, "ಅಷ್ಟ ಜೋರ್ ಬ್ರೇಕ್ ಹಾಕಿದ್ರ ನಾವೇನ್ ಮಾಡೂಣ್ರೀ?" ಬಿಲ್ಲಿನಲ್ಲಿ ಬರೆದದ್ದು "ಬಾಡಿ ವರ್ಕ್" ಅಂತ ಎರಡೇ ಪದ. ಹುಡುಗನ ಆಸ್ಪತ್ರೆ ಖರ್ಚಿಗೆ ಒಂದು ರೂಪಾಯಿಯೂ ಕೊಡಲಿಲ್ಲ. ಇನ್ನೊಬ್ಬರ ಜೀವದ ಮೇಲೆ ಸ್ಕ್ರೂ ಉಳಿಸುವವರಿಗೆ ಏನು ಹೇಳಬೇಕು?

ಈಗಿನ ಗಾಡಿಯನ್ನು ಬೇರೆಯವರ ಹತ್ತಿರ, ಪಕ್ಕದಲ್ಲೇ ನಿಂತು ಮಾಡಿಸಿದೆ. ಹಿಂದಿನ ಸೀಟು ಕೂಡಿಸಲು ಕಂಪನಿಯವರೇ ಕೊಟ್ಟ ಗಟ್ಟಿ ಜಾಗಗಳನ್ನು ಬಳಸಿಕೊಂಡೆವು. ಉಳಿದ ಕಡೆ 12 ಎಂಎಂ ಬೋಲ್ಟ್, ತಲೆಯ ಮೇಲೆ 8.8 ಅಂತ ಗಟ್ಟಿತನದ ದರ್ಜೆಯ ಅಚ್ಚು ಇರುವಂಥದ್ದು, ಗಾಡಿಯ ಕೆಳಗಿನಿಂದ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಿದ್ದು. ರಂಧ್ರ ಹೊಡೆಯುವ ಮೊದಲು ಬ್ರೇಕ್ ಪೈಪು, ಪೆಟ್ರೋಲ್ ಟ್ಯಾಂಕು ಎಲ್ಲಿವೆ ಅಂತ ಕೆಳಗೆ ಮಲಗಿ ನೋಡಬೇಕು. ಟ್ಯಾಂಕು ತಗ್ಗಾಗಿ, ಹಿಂದಿನ ಚಕ್ರಕ್ಕಿಂತ ಮುಂದೆ ಇದೆ. ಅದಕ್ಕೂ ಸೀಟಿಗೂ ನಡುವೆ ಕಬ್ಬಿಣದ ಜಾಲರಿ. ಪಂಪಿನ ವೈರಿಗೆ, ಬ್ಯಾಟರಿಯಿಂದ ಒಂದು ಗೇಣಿನ ಒಳಗೇ, 15 ಆಂಪಿನ ಫ್ಯೂಸು. ವಿಮೆಯವರಿಗೂ ಬರೆದು ತಿಳಿಸಿದೆ. ಆರ್‌ಸಿಯ ವಿವರ ಬದಲಾಗುವಂಥ ಮಾರ್ಪಾಡು ಮಾಡಿಸಬಾರದು ಅಂತ ಅದೇ ಕಾಯ್ದೆಯ 52ನೇ ಕಲಮಿನಲ್ಲಿದೆ. ಅದಕ್ಕೇ ಕೆಲಸಕ್ಕೆ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ ಬಂದಿದ್ದೆ.

ಅಂದಾಜುಪಟ್ಟಿಯಲ್ಲಿ ಬೋಲ್ಟಿನ ಅಳತೆ, ಎಷ್ಟು ಬೋಲ್ಟು, ಎಲ್ಲಿ ಹಾಕುತ್ತಾರೆ ಅಂತ ಬರೆಸಿಕೊಳ್ಳಿ. ಪ್ಲೈವುಡ್ ಮುಚ್ಚುವ ಮೊದಲು ಫೋಟೋ ತೆಗೆಯಿರಿ. ಈಗಾಗಲೇ ಗಾಡಿ ಮಾಡಿಸಿದವರು ಇವತ್ತೇ ಕೆಳಗೆ ಬಗ್ಗಿ ನೋಡಿ. ಬೋಲ್ಟಿನ ತುದಿ, ಪಟ್ಟಿ, ನಟ್ಟು ಕಾಣದಿದ್ದರೆ ಅದು ಸರಿಯಾಗುವವರೆಗೆ ಟ್ಯಾಂಕಿಗೆ ನೀರು ತುಂಬಬೇಡಿ.