ರೀಫ್ ಟ್ಯಾಂಕ್ ಲೈಟನ್ನು ಫಾಲ್ಸ್ ಸೀಲಿಂಗ್‌ಗೆ ನೇತುಹಾಕಿಸಬೇಡಿ

ರೀಫ್ ಟ್ಯಾಂಕ್, ಅಂದರೆ ಜೀವಂತ ಕೋರಲ್ (ಹವಳ) ಸಾಕುವ ಉಪ್ಪುನೀರಿನ ಅಕ್ವೇರಿಯಂ ಮೇಲೆ ಲೈಟ್ ನೇತುಹಾಕಿಸುವ ಯೋಚನೆ ಇದೆಯಾ? ಫಿಟ್ಟಿಂಗ್‌ಗೆ ಬಂದವರನ್ನು ಮೊದಲು ಒಂದು ಪ್ರಶ್ನೆ ಕೇಳಿ: ಸ್ಕ್ರೂ ಕೂರೋದು ಕಾಂಕ್ರೀಟ್‌ಗಾ, ಫಾಲ್ಸ್ ಸೀಲಿಂಗ್‌ನ ಜಿಪ್ಸಮ್ ಬೋರ್ಡ್‌ಗಾ? ನನಗೆ ಲೈಟ್ ಮಾರಿದವರು ಕಳಿಸಿದ್ದ ವ್ಯಕ್ತಿಯನ್ನು ನಾನೂ ಇದನ್ನೇ ಕೇಳಿದ್ದೆ. "ಇದೇನು ಫ್ಯಾನ್ ಅಲ್ವಲ್ಲ ಸರ್, ತಿರುಗಲ್ಲ. ಬೋರ್ಡೇ ಸಾಕು" ಅಂದರು. ಬೋರ್ಡಿಗೆ ಎರಡು ತೂತು, ತೂತಿಗೆ ಪ್ಲಾಸ್ಟಿಕ್ ಪ್ಲಗ್, ಅದಕ್ಕೆ ಕೊಕ್ಕೆ. ಕೆಲಸ ಮುಗೀತು.

ಆ ಪ್ಲಗ್ ಇರೋದೇ ಗಟ್ಟಿ ಗೋಡೆಗೆ. ಸ್ಕ್ರೂ ಒಳಗೆ ಹೋದ ಹಾಗೆ ಅದು ಹಿಗ್ಗಿ ಸುತ್ತಲಿನ ಕಾಂಕ್ರೀಟನ್ನು ಕಚ್ಚಿಕೊಳ್ಳುತ್ತದೆ. ಜಿಪ್ಸಮ್ ಬೋರ್ಡ್ ಸಾಮಾನ್ಯವಾಗಿ 12.5 ಮಿಲಿಮೀಟರ್ ದಪ್ಪ, ಮಧ್ಯೆ ಜಿಪ್ಸಮ್, ಎರಡೂ ಕಡೆ ಕಾಗದ. ಕಚ್ಚಿಕೊಳ್ಳೋಕೆ ಅಲ್ಲಿ ಏನಿದೆ? ಸಾಲದ್ದಕ್ಕೆ ತೆರೆದ ಟ್ಯಾಂಕಿನಿಂದ ದಿನವಿಡೀ ಆವಿ ಮೇಲೇಳುತ್ತಿರುತ್ತದೆ. ತೇವ ಕುಡಿದ ಬೋರ್ಡ್ ಇನ್ನಷ್ಟು ಮೆತ್ತಗಾಗುತ್ತದೆ.

ಮೊದಲ ಸುಳಿವು ಕೊಟ್ಟಿದ್ದು ಕೋರಲ್. ಎಡಗಡೆ ಕಲ್ಲಿನ ನೆತ್ತಿಯಲ್ಲಿದ್ದ ಅಕ್ರೊಪೊರಾ ಎಂಬ ಕೊಂಬೆ ಕೊಂಬೆಯಾಗಿ ಬೆಳೆಯುವ ಕೋರಲ್ ಬಣ್ಣ ಕಳೆದುಕೊಳ್ಳತೊಡಗಿತು. ಅದರ ಬೆಳೆಯುವ ತುದಿಗಳು ಬೆಳ್ಳಗಿರೋದು ಸಹಜ, ಅದಕ್ಕೆ ಹೆದರಬೇಕಿಲ್ಲ. ಇದು ಹಾಗಿರಲಿಲ್ಲ. ಕೊಂಬೆಗಳ ಮೇಲ್ಭಾಗ ಮಾತ್ರ ಬಿಳಿಚಿತ್ತು, ನೆರಳಿರುವ ಕೆಳಭಾಗ ಮೊದಲಿನಂತೆಯೇ ಕಂದು. ಬೆಳಕು ಮಿತಿಮೀರಿದರೆ ಕೋರಲ್ ತನ್ನೊಳಗಿನ ಸೂಕ್ಷ್ಮ ಪಾಚಿಯನ್ನು ಹೊರಹಾಕುತ್ತದೆ, ಬಣ್ಣ ಹೋಗೋದು ಅದರಿಂದ. ನೀರು ಪರೀಕ್ಷಿಸಿದೆ. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಶಾಖ 25 ಡಿಗ್ರಿ, ಆಲ್ಕಲಿನಿಟಿಯೂ (ನೀರಿನ ಕ್ಷಾರೀಯತೆ) ಸರಿ. ಬಲಗಡೆಯ ಕೋರಲ್‌ಗಳು ಆರಾಮಾಗಿದ್ದವು. ನೀರು ಕೆಟ್ಟಿದ್ದರೆ ಒಂದೇ ಕಡೆ ಕೆಡುತ್ತಾ? ಟೇಪ್ ಹಿಡಿದೆ. ನೀರಿನಿಂದ ಲೈಟಿಗೆ ಬಲಗಡೆ 25 ಸೆಂಟಿಮೀಟರ್, ಎಡಗಡೆ 20. ತಲೆ ಎತ್ತಿ ನೋಡಿದರೆ ಎಡ ಕೊಕ್ಕೆಯ ಸುತ್ತ ಬೋರ್ಡ್ ಹೊಟ್ಟೆ ಬಿಟ್ಟಿತ್ತು, ಪ್ಲಗ್‌ನ ಕತ್ತು ಹೊರಗೆ ಇಣುಕುತ್ತಿತ್ತು.

ಫೋನ್ ಮಾಡಿದ್ದಕ್ಕೆ ಅದೇ ವ್ಯಕ್ತಿ ಬಂದರು. ಅದೇ ಬೋರ್ಡಿಗೆ, ಪಕ್ಕದಲ್ಲೇ, ಸ್ವಲ್ಪ ದಪ್ಪನೆಯ ಪ್ಲಗ್ ಹೊಡೆದು "ಇನ್ನು ಅಲುಗಾಡಲ್ಲ" ಅಂತ ಭರವಸೆ ಕೊಟ್ಟು ಹೋದರು. ಅದೇ ವಾರ ಎಡತುದಿ ಕಳಚಿ, ಉರಿಯುತ್ತಿದ್ದ ಲೈಟ್ ನೀರಿಗೆ ಬಿತ್ತು. ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಟ್ರಿಪ್ ಆಗಿ ಕರೆಂಟ್ ಹೋಯಿತು. ಉಪ್ಪುನೀರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಆ ಸಾಧನ ಇಲ್ಲದ ಮನೆಯಲ್ಲಿ ಯಾರಾದರೂ ಗಾಬರಿಯಿಂದ ಕೈಹಾಕಿ ಲೈಟ್ ಎತ್ತಲು ಹೋಗಿದ್ದರೆ? 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸದೆ ಟ್ಯಾಂಕ್ ಮೇಲೆ ಏನನ್ನೂ ತೂಗಿಸಬೇಡಿ. ಇದರಲ್ಲಿ ಚೌಕಾಸಿ ಬೇಡವೇ ಬೇಡ.

ಮಾರಿದವರು ಏನಂದರು ಗೊತ್ತಾ? ನೀರು ಹೊಕ್ಕ ಲೈಟಿಗೆ ವಾರಂಟಿ ಇಲ್ಲವಂತೆ. ತೂಗುಹಾಕಿದ್ದು ಅವರ ಕಡೆಯವರೇ ಅಲ್ವಾ ಅಂದರೆ, "ಫಿಟ್ಟಿಂಗ್ ಬೇರೆ ವಿಷಯ." ಹಾಗಾಗಿ ಯಾವುದಕ್ಕೆ, ಯಾವ ಬೋಲ್ಟ್‌ನಲ್ಲಿ ಕೂರಿಸುತ್ತಾರೆ ಅನ್ನೋದನ್ನು ಮೊದಲೇ ಬರೆಸಿಕೊಳ್ಳಿ. ಬೋರ್ಡ್ ಕೊರೆದು ಮೇಲಿನ ಸ್ಲ್ಯಾಬ್‌ಗೆ ಆಂಕರ್ ಬೋಲ್ಟ್ ಹಾಕಬೇಕು. ಅದು ಆಗಲ್ಲ ಅಂದರೆ ಟ್ಯಾಂಕ್ ಸ್ಟ್ಯಾಂಡಿನಿಂದಲೇ ಏಳುವ ಕಂಬ ಮೇಲು. ಕೊಕ್ಕೆಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ, ಉಪ್ಪಿನ ತುಂತುರಿಗೆ 304 ಅಷ್ಟು ತಡೆಯಲ್ಲ. ಇದರ ಜೊತೆ ಬೇರೆಯದೇ ಬೋಲ್ಟಿಗೆ ಒಂದು ಸೇಫ್ಟಿ ವೈರ್ ಕಟ್ಟಿಸಿ. ಅದರ ಉದ್ದ ಲೈಟ್ ನೀರು ಮುಟ್ಟದಷ್ಟೇ ಇರಲಿ.

ಬಿದ್ದೇಬಿಟ್ಟರೆ ಮೊದಲು ಮೇನ್ ಆಫ್, ಆಮೇಲೆ ಕೈ. ಲೈಟಿನೊಳಗಿನ ಸರ್ಕ್ಯೂಟ್ ಬೋರ್ಡ್, ವೈರ್‌ಗಳಿಂದ ನೀರಿಗೆ ತಾಮ್ರ ಬಿಟ್ಟುಕೊಂಡರೆ ಸಿಗಡಿ, ಬಸವನಹುಳು, ಕೋರಲ್ ಎಲ್ಲಕ್ಕೂ ವಿಷ. ಒಂದಷ್ಟು ನೀರು ಬದಲಿಸಿ, ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಹೊಸ ಲೈಟ್ ಬಂದ ದಿನವೇ ಪೂರ್ತಿ ಜೋರು ಮಾಡಬೇಡಿ, ಕೆಲವು ವಾರ ತೆಗೆದುಕೊಂಡು ನಿಧಾನಕ್ಕೆ ಏರಿಸಿ. ಹಳೇ ಲೈಟ್ ಒಣಗಿತು, ಸುಮ್ನೆ ಒಮ್ಮೆ ಹಾಕಿ ನೋಡೋಣ ಅನ್ನಿಸಿದರೂ ಹಾಕಬೇಡಿ. ನೀರು ಆರಿದರೂ ಒಳಗೆ ಉಪ್ಪು ಹಾಗೇ ಕೂತಿರುತ್ತದೆ.